ಸ್ಪ್ರಿಂಗ್ ಬಫರ್ ತೆಗೆಸಿ 41,000 ಕಿಲೋಮೀಟರ್: ಹಳೇ ಸ್ವಿಫ್ಟ್‌ನ ಗಡಸುತನ ಹೋದ ಬಗೆ

ಗಾಡಿ 2014ರ ಮಾರುತಿ ಸ್ವಿಫ್ಟ್ ವಿಎಕ್ಸ್ಐ, ಪೆಟ್ರೋಲ್. 2022ರ ಜನವರಿಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಆಗ 68,000 ಕಿಲೋಮೀಟರ್ ಓಡಿತ್ತು, ಈಗ 1,12,000 ದಾಟಿದೆ. ದಿನಾ ಕಲಬುರಗಿ ಊರೊಳಗೆ ಓಡಾಟ. ವಾರಕ್ಕೊಮ್ಮೆ ಸೇಡಂ, ಆಗಾಗ ಕಮಲಾಪುರ, ಹುಮನಾಬಾದ್ ಮೇಲಿಂದ ಬೀದರ್. ಹುಣ್ಣಿಮೆ ಬಂದರೆ ಅವ್ವನನ್ನು ಕರೆದುಕೊಂಡು ಗಾಣಗಾಪುರ.

ಇಂಜಿನ್ ಚೆನ್ನಾಗಿತ್ತು, ಎಸಿ ಚೆನ್ನಾಗಿತ್ತು. ಆದರೆ ಗಾಡಿ ಕುಟ್ಟುತ್ತಿತ್ತು. ಮೊದಲ ಸಲ ಹಿಂದಿನ ಸೀಟಿನಲ್ಲಿ ಕೂತ ಅವ್ವ, "ಟಂಟಂದಾಗ ಕುಂತಂಗ ಆಗ್ತದಪಾ, ನನ್ನ ಸೊಂಟ ತಡೆಯಲ್ಲ" ಅಂದಳು. ಅವಳಿಗೆ ಮೊದಲೇ ಸೊಂಟನೋವು. ಸಣ್ಣ ತಗ್ಗು ಬಂದರೂ ಸ್ಟಿಯರಿಂಗ್ ತನಕ ಏಟು ಬರುತ್ತಿತ್ತು. ಹಂಪ್ ದಾಟಿದರೆ ಹಿಂದುಗಡೆ ಕಲ್ಲಿನ ಮೇಲೆ ಕಲ್ಲು ಬಿದ್ದ ಹಾಗೆ ಸದ್ದು.

ಯಾರನ್ನು ಕೇಳಿದರೂ ಒಂದೇ ಮಾತು: ಶಾಕಪ್ (ಸ್ಪ್ರಿಂಗ್ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಹೋಗಿವೆ, ಬದಲಿ ಮಾಡಿಸ್ರಿ. ಫೆಬ್ರವರಿಯಲ್ಲಿ ನಾಲ್ಕೂ ಶಾಕಪ್ ಹೊಸದು ಹಾಕಿಸಿದೆ. ಕಂಪನಿ ಪಾರ್ಟು, ಕೂಲಿ, ವೀಲ್ ಅಲೈನ್‌ಮೆಂಟ್ ಎಲ್ಲ ಸೇರಿ 9,800 ರೂಪಾಯಿ. ಹೆದ್ದಾರಿಯಲ್ಲಿ ಗಾಡಿಯ ಓಲಾಟ ನಿಂತಿತು, ಅದು ನಿಜ. ಕುಟ್ಟುವುದು ಮಾತ್ರ ಹಾಗೇ ಉಳಿಯಿತು. ಆ ದುಡ್ಡಿನ ಬಗ್ಗೆ ನನಗೆ ಈಗಲೂ ಬೇಸರ ಇದೆ. ಶಾಕಪ್ ಸವೆದರೆ ಸಾಮಾನ್ಯವಾಗಿ ಗಾಡಿ ತೇಲಾಡುತ್ತದೆ, ಗಡಸಾಗುವುದಿಲ್ಲ. ಇದನ್ನು ನನಗೆ ಯಾರೂ ಮೊದಲೇ ಹೇಳಲಿಲ್ಲ.

ಕೊನೆಗೆ ಒಬ್ಬರು ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಎಲ್ಲರೂ ಅವರನ್ನು ಉಸ್ತಾದ್ ಅಂತಲೇ ಕರೆಯುತ್ತಾರೆ. ಅವರು ಬಾನೆಟ್ ಮೂಲೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟರು. ಗಾಡಿ ಒಮ್ಮೆ ಮೇಲೆದ್ದು ನಿಂತಿತು. "ಶಾಕಪ್ ಚಲೋ ಅವರಿ. ನಾಳೆ ಮುಂಜಾನಿ ಗಾಡಿ ತಣ್ಣಗಿದ್ದಾಗ ತಗೊಂಡು ಬರ್ರಿ. ಮೊದ್ಲ ಗಾಳಿ ನೋಡ್ತೀನಿ" ಅಂದರು.

ಮರುದಿನ ಗಾಳಿ ನೋಡಿದರೆ, ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಬರೆದದ್ದಕ್ಕಿಂತ 9 ಪಿಎಸ್‌ಐ ಜಾಸ್ತಿ! ಪಂಚರ್ ಅಂಗಡಿಯಲ್ಲಿ ನಾವು "ಗಾಳಿ ಹೊಡೀರಿ" ಅಂತೀವಿ, ಎಷ್ಟು ಅಂತ ಹೇಳುವುದಿಲ್ಲ. ಅವರು ಕಲ್ಲಿನ ಹಾಗೆ ತುಂಬಿ ಕಳಿಸುತ್ತಾರೆ. ಟೈರ್ ಬಿಸಿಯಾದರೆ ಒಳಗಿನ ಒತ್ತಡ ಇನ್ನೂ ಏರುತ್ತದೆ. ಸುಮಾರು 5-6 ಡಿಗ್ರಿಗೆ 1 ಪಿಎಸ್‌ಐ ಲೆಕ್ಕ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಊರಲ್ಲಿ ಇದು ಸಣ್ಣ ಮಾತಲ್ಲ. ಹಾಗಂತ ಓಡಿಸಿ ಬಂದ ಬಿಸಿ ಟೈರಿಂದ ಗಾಳಿ ಬಿಡಬಾರದು, ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಮುಂಜಾನೆ, ಗಾಡಿ ಹೊರಡುವ ಮೊದಲೇ ನೋಡಬೇಕು. ಗಾಳಿ ಸರಿ ಮಾಡಿದ ಕೂಡಲೇ ಸಣ್ಣ ಏಟು ಅರ್ಧ ಕಡಿಮೆ ಆಯಿತು. ಖರ್ಚು ಸೊನ್ನೆ.

ಹಂಪ್ ಮೇಲಿನ ಆ ದೊಡ್ಡ ಏಟು ಹೋಗಿರಲಿಲ್ಲ. ಉಸ್ತಾದ್ ಗಾಡಿ ಎತ್ತಿ ಟಾರ್ಚ್ ಹಿಡಿದರು. ನಾಲ್ಕೂ ಸ್ಪ್ರಿಂಗ್‌ನ ಸುತ್ತುಗಳ ಮಧ್ಯೆ ದಪ್ಪನೆಯ ರಬ್ಬರ್ ಬಫರ್ ಕೂತಿದ್ದವು. ಮಣ್ಣು ಮೆತ್ತಿ ಸ್ಪ್ರಿಂಗ್ ಬಣ್ಣಕ್ಕೇ ತಿರುಗಿದ್ದರಿಂದ ಮೊದಲು ಶಾಕಪ್ ಹಾಕಿದವರೂ ಅದನ್ನು ಹಾಗೇ ಬಿಟ್ಟಿದ್ದರು. ಹಿಂದಿನ ಮಾಲೀಕರಿಗೆ ಫೋನ್ ಮಾಡಿ ಕೇಳಿದೆ. ಗಾಡಿ ಕೆಳಗೆ ತಾಗುತ್ತದೆ ಅಂತ ಒಂದು ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸಿದ್ದರಂತೆ. "ಗಾಡಿ ಎತ್ತರ ಆಗ್ತದ, ಶಾಕಪ್ ಬಾಳಿಕೆ ಬರ್ತಾವ, ಆರಾಮೂ ಆಗ್ತದ" ಅಂತ ಹೇಳಿ ಮಾರಿದ್ದರಂತೆ.

ಎತ್ತರ ಆಗುವುದು ನಿಜ. ಆರಾಮು ಆಗುವುದು ಸುಳ್ಳು. ಸ್ಪ್ರಿಂಗ್‌ನ ಮೆತ್ತಗಿನ ಗುಣ ಇರುವುದೇ ಅದರ ಸುತ್ತುಗಳಲ್ಲಿ. ಕೆಲಸ ಮಾಡುವ ಸುತ್ತು ಕಡಿಮೆ ಆದಷ್ಟೂ ಸ್ಪ್ರಿಂಗ್ ಗಡಸಾಗುತ್ತದೆ. 6 ಸುತ್ತು ಕೆಲಸ ಮಾಡುವ ಕಡೆ ಒಂದನ್ನು ಪೂರ್ತಿ ಹಿಡಿದು ಹಾಕಿದರೆ ಸ್ಪ್ರಿಂಗ್ ಶೇಕಡಾ 20ರಷ್ಟು ಗಡಸು. ಐದು ಜನ ಕೂತಾಗ ಇದು ಅಷ್ಟು ಗೊತ್ತಾಗುವುದಿಲ್ಲ. ಒಬ್ಬರೋ ಇಬ್ಬರೋ ಇದ್ದಾಗ ಪ್ರಾಣ ಹಿಂಡುತ್ತದೆ. ನನ್ನ ಗಾಡಿ ತುಂಬಿದಾಗ ಚೆನ್ನಾಗಿ, ಖಾಲಿ ಇದ್ದಾಗ ಕೆಟ್ಟದಾಗಿ ಓಡುತ್ತಿದ್ದದ್ದು ಇದಕ್ಕೇ. ನಿಮ್ಮ ಗಾಡಿಯಲ್ಲೂ ಹೀಗೇ ಆಗುತ್ತಿದ್ದರೆ ಮೊದಲು ಸ್ಪ್ರಿಂಗ್ ಮಧ್ಯೆ ಇಣುಕಿ ನೋಡಿ.

ತೆಗೆಯುವುದು ಕಷ್ಟ ಅಲ್ಲ. ಗಾಡಿ ಎತ್ತಿ ಚಕ್ರ ಜೋತು ಬಿಟ್ಟರೆ ಸುತ್ತುಗಳು ಬಿಚ್ಚಿಕೊಳ್ಳುತ್ತವೆ. ಸಾಬೂನು ನೀರು ಹಾಕಿ ಎಳೆದರೆ ಬರುತ್ತದೆ. ನಾಲ್ಕಕ್ಕೂ ಉಸ್ತಾದ್ 300 ರೂಪಾಯಿ ತಗೊಂಡರು. ಅವತ್ತು ಸಂಜೆ ರಿಂಗ್ ರೋಡ್ ಸುತ್ತಿ ಬಂದೆ. ಬೇರೆ ಗಾಡಿ ಓಡಿಸಿದ ಹಾಗಿತ್ತು.

ಟೈರ್ ಸುದ್ದಿ ಬೇಗ ಮುಗಿಸುತ್ತೇನೆ. ಹಿಂದಿನವರು 16 ಇಂಚಿನ ಅಲಾಯ್ ಮೇಲೆ 195/55 ಟೈರ್ ಹಾಕಿಸಿದ್ದರು (ಅಂದರೆ ಅಗಲ 195 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 55). ಈ ಮಾಡೆಲ್‌ಗೆ ಕಂಪನಿ ಕೊಟ್ಟದ್ದು 14 ಇಂಚಿನ ರಿಮ್, 165/80. ಹೊರಗಿನಿಂದ ಎರಡೂ ಚಕ್ರ ಒಂದೇ ಎತ್ತರ. ಆದರೆ ರಬ್ಬರ್ ಗೋಡೆ 132 ಮಿಲಿಮೀಟರ್ ಇದ್ದದ್ದು 107ಕ್ಕೆ ಇಳಿದಿತ್ತು. ತಗ್ಗಿನ ಏಟನ್ನು ಮೊದಲು ತಿನ್ನುವುದೇ ಆ ಗೋಡೆ. ಜುಲೈನಲ್ಲಿ ಅಲಾಯ್ ಮಾರಿ, ಹಳೇ ಸ್ಟೀಲ್ ರಿಮ್ ಹುಡುಕಿ, ಕಂಪನಿ ಅಳತೆಯ ಹೊಸ ಟೈರ್ ಹಾಕಿಸಿದೆ. ನೋಡೋಕೆ ಗಾಡಿ ಸಾದಾ ಆಯಿತು. ನನಗೆ ಬೇಜಾರಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. 2022ರ ನವೆಂಬರ್‌ನಲ್ಲಿ ಮುಂದೆ ಕಟಕಟ ಸದ್ದು ಶುರುವಾಯಿತು. ಉಸ್ತಾದ್ ಊರಲ್ಲಿ ಇರಲಿಲ್ಲ, ಬೇರೆ ಗ್ಯಾರೇಜಿನಲ್ಲಿ ಲೋವರ್ ಆರ್ಮ್ ಬುಷ್ (ಮುಂದಿನ ಚಕ್ರ ಹಿಡಿಯುವ ಕೆಳತೋಳಿನ ಬುಡದ ರಬ್ಬರ್ ಕೀಲು) ಬದಲಿಸಿದೆ. ಸದ್ದು ಹೋಯಿತು, ಮುಂಭಾಗ ಮತ್ತೆ ಬಿಗಿಯಾಯಿತು. ಹೊಸ ಬುಷ್ ಅಲ್ವಾ, ಪಳಗಲಿ ಅಂತ ಸುಮ್ಮನಿದ್ದೆ. ಒಂಬತ್ತೇ ತಿಂಗಳಿಗೆ ಎರಡೂ ಬುಷ್ ಹರಿದವು.

ಇದರ ಕಾರಣ ಉಸ್ತಾದ್ ಬಿಡಿಸಿ ಹೇಳಿದರು. ತುಂಬಾ ಜನರಿಗೆ ಗೊತ್ತಿಲ್ಲದ ವಿಷಯ ಇದು. ಆ ಬುಷ್ ಬೇರಿಂಗ್ ಥರ ತಿರುಗುವುದಿಲ್ಲ. ಒಳಗಿನ ಕಬ್ಬಿಣದ ಕೊಳವೆ ಬೋಲ್ಟ್ ಬಿಗಿದಾಗ ಕಚ್ಚಿಕೊಳ್ಳುತ್ತದೆ, ಅದಕ್ಕೆ ಅಂಟಿದ ರಬ್ಬರ್ ತಿರುಚಿಕೊಳ್ಳುತ್ತದೆ ಅಷ್ಟೇ. ಗಾಡಿ ಜಾಕ್ ಮೇಲಿದ್ದು ಚಕ್ರ ಜೋತಾಡುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ನೆಲಕ್ಕೆ ಇಳಿದ ಕೂಡಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ನಿಲ್ಲುತ್ತದೆ. ಅದು ಇನ್ನೊಂದು ಸ್ಪ್ರಿಂಗ್ ಥರ ಮೇಲಕ್ಕೆ ತಳ್ಳುತ್ತಾ ಇರುತ್ತದೆ. ಗಾಡಿ ಗಡಸಾಗುತ್ತದೆ, ರಬ್ಬರೂ ಬೇಗ ಹರಿಯುತ್ತದೆ. ಬೋಲ್ಟ್ ಸಡಿಲವಾಗಿ ಹಾಕಿ, ಗಾಡಿ ಭಾರವೆಲ್ಲ ಚಕ್ರದ ಮೇಲೆ ಬಂದ ಮೇಲೆ ಕೊನೆಯ ಬಿಗಿತ ಕೊಡಬೇಕು. 2023ರ ಆಗಸ್ಟ್‌ನಲ್ಲಿ ಉಸ್ತಾದ್ ಹಾಗೇ ಮಾಡಿದರು, ನಾನು ಪಕ್ಕದಲ್ಲೇ ನಿಂತಿದ್ದೆ. ಆ ಬುಷ್ ಇವತ್ತಿಗೂ ಗಟ್ಟಿ ಇವೆ. ನೀವು ಬುಷ್ ಹಾಕಿಸುವಾಗ ಈ ಒಂದು ಮಾತು ಕೇಳಿಯೇ ಕೇಳಿ.

ಬಫರ್ ತೆಗೆದು 41,000 ಕಿಲೋಮೀಟರ್ ಆಯಿತು. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಓಡಾಟ ಜಾಸ್ತಿ. ಕೆಳಗೆ ಕರಿ ಎರೆ ಮಣ್ಣು ಬೇರೆ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ರಸ್ತೆ ಅಲೆ ಅಲೆಯಾಗಿ ಏಳುತ್ತದೆ. ಅಲ್ಲಿ ಈಗ 60ರಲ್ಲಿ ಹೋದರೂ ಗಾಡಿ ಒಮ್ಮೆ ಬಾಗಿ ಏಳುತ್ತದೆ, ಕುಟ್ಟುವುದಿಲ್ಲ. ಶಾಕಪ್‌ಗಳಲ್ಲಿ ಎಡಗಡೆ ಹಿಂದಿನದರ ಮೇಲೆ ಸಣ್ಣಗೆ ಎಣ್ಣೆ ಪಸೆ ಕಾಣುತ್ತಿದೆ. ತೊಟ್ಟಿಕ್ಕಿದರೆ ಮಾತ್ರ ಬದಲಿಸೋಣ ಅಂದಿದ್ದಾರೆ ಉಸ್ತಾದ್. ಹಿಂದಿನ ಬಂಪ್ ಸ್ಟಾಪರ್ (ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಕೊನೆಯ ಏಟು ತಡೆಯುವ ಕಂಪನಿಯದೇ ತುಂಡು) ರಬ್ಬರ್ ಪುಡಿಯಾಗಿತ್ತು, ಹೋದ ವರ್ಷ ಹೊಸದು ಹಾಕಿಸಿದೆ.

ಕಷ್ಟವೂ ಒಂದಿದೆ, ಮುಚ್ಚಿಡುವುದಿಲ್ಲ. ಈ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ 170 ಮಿಲಿಮೀಟರ್. ಐದು ಜನ, ಮೇಲೆ ಸಾಮಾನು ಇದ್ದರೆ ಹಳ್ಳಿಗಳ ಕೆಲವು ಎತ್ತರದ ಹಂಪ್‌ಗೆ ಹೊಟ್ಟೆ ತಾಗುತ್ತದೆ. ಗಾಣಗಾಪುರದ ದಾರಿಯಲ್ಲಿ ಎರಡು ಕಡೆ ನಾನು ಗಾಡಿ ಓರೆ ಮಾಡಿ ನಿಧಾನ ದಾಟಿಸುತ್ತೇನೆ. ಸ್ಪ್ರಿಂಗ್ ನಿಜವಾಗಿಯೂ ಕುಸಿದಿದ್ದರೆ ಹೊಸ ಸ್ಪ್ರಿಂಗ್ ಜೋಡಿ ಹಾಕಿಸಿ, ಬಫರ್ ಬೇಡ.

ತೆಗೆದ ನಾಲ್ಕು ಬಫರ್ ನಮ್ಮ ಅಟ್ಟದ ಮೇಲೆ ಇವೆ. ಹೋದ ತಿಂಗಳು ಪಕ್ಕದ ಮನೆಯ ಅಣ್ಣ ತಮ್ಮ ಗಾಡಿಗೆ ಹಾಕಿಸುತ್ತೇನೆ ಅಂತ ಕೇಳಿದರು. ಕೊಡಲಿಲ್ಲ. ಭಾನುವಾರ ಮುಂಜಾನೆ ಗಾಳಿ ಮೀಟರ್ ತಗೊಂಡು ಇಬ್ಬರೂ ಅವರ ಗಾಡಿ ಹತ್ತಿರ ಹೋದೆವು. ಅವರ ಟೈರಿನಲ್ಲೂ 8 ಪಿಎಸ್‌ಐ ಜಾಸ್ತಿ ಇತ್ತು.