ವಾರ್ಡ್ ನಕ್ಷೆಗೆ ಗೂಗಲ್ ಮೈ ಮ್ಯಾಪ್ಸೋ, ಯೂಮ್ಯಾಪೋ?

ವಾರ್ಡ್ ಸಭೆಗೆ ಮುಂಚೆ ಒಡೆದ ಫುಟ್‌ಪಾತ್, ಉರಿಯದ ಬೀದಿದೀಪ, ಮಳೆಗೆ ನೀರು ನಿಲ್ಲುವ ತಿರುವುಗಳನ್ನೆಲ್ಲ ನಿವಾಸಿಗಳೇ ನಕ್ಷೆಯಲ್ಲಿ ಗುರುತಿಸಬೇಕೆಂದರೆ ಉಚಿತವಾಗಿ ಸಿಗುವ ಎರಡು ದಾರಿಗಳಿವೆ.

ಗೂಗಲ್ ಮೈ ಮ್ಯಾಪ್ಸ್ ನೋಡಿದ ಮುಖ. ದೂರುಗಳು ಸ್ಪ್ರೆಡ್‌ಶೀಟ್‌ನಲ್ಲಿದ್ದರೆ ಹಾಗೇ ಏರಿಸಬಹುದು. ಆದರೆ ಗುರುತು ಹಾಕುವವರಿಗೆ ಗೂಗಲ್ ಖಾತೆ ಬೇಕು, ನಕ್ಷೆಗೆ 10 ಪದರಗಳಷ್ಟೇ (ಪದರವೆಂದರೆ ದೀಪ, ಫುಟ್‌ಪಾತ್ ಹೀಗೆ ಬೇರೆ ಬೇರೆಯಾಗಿ ಇಡುವ ಗುರುತುಗಳ ಗುಂಪು).

ಯೂಮ್ಯಾಪ್ ನಿಂತಿರುವುದು 2004ರಲ್ಲಿ ಶುರುವಾದ, ಜನರೇ ಸೇರಿ ಕಟ್ಟುವ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ. ಖಾತೆಯಿಲ್ಲದೆಯೂ ನಕ್ಷೆ ಮಾಡಿ, ತಿದ್ದುವ ಲಿಂಕನ್ನು ವಾಟ್ಸಾಪ್ ಗುಂಪಿಗೆ ಕಳಿಸಬಹುದು. ತಲೆನೋವೂ ಅಲ್ಲೇ: ಲಿಂಕ್ ಸಿಕ್ಕವರು ಪಕ್ಕದ ಬೀದಿಯವರ ಗುರುತನ್ನೂ ಅಳಿಸಿಬಿಡಬಹುದು. ದಿನಕ್ಕೊಮ್ಮೆ ನಕ್ಷೆಯ ಪ್ರತಿ ಇಳಿಸಿಟ್ಟುಕೊಳ್ಳಿ. ಇದರ ನಿಜವಾದ ಬಲ ತಳದ ನಕ್ಷೆಯದು. ನಿಮ್ಮ ಗಲ್ಲಿಯೋ ರಾಜಕಾಲುವೆಯೋ ಅದರಲ್ಲಿ ಬಿಟ್ಟುಹೋಗಿದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ನೀವೇ ಸೇರಿಸಬಹುದು, ಕನ್ನಡ ಹೆಸರಿನ ಸಮೇತ. ಗೂಗಲ್‌ನಲ್ಲಾದರೆ ಸಲಹೆ ಕಳಿಸಿ ಕಾಯಬೇಕು.

ನಾಲ್ಕೈದು ಜನರೇ ಕೆಲಸ ಮಾಡುವುದಾದರೆ ಮೈ ಮ್ಯಾಪ್ಸ್ ಸಾಕು. ಇಡೀ ಬಡಾವಣೆಯನ್ನು ಸೇರಿಸಿಕೊಳ್ಳುವುದಾದರೆ ನನ್ನ ಒಲವು ಯೂಮ್ಯಾಪ್ ಕಡೆಗೆ. ಯಾವುದನ್ನೇ ಆರಿಸಿ, ತರಕಾರಿ ಗಾಡಿಯವರು, ಪೌರಕಾರ್ಮಿಕರು, ವಯಸ್ಸಾದವರು ಫೋನಿನಲ್ಲಿ ಗುರುತು ಹಾಕಲಿ ಎಂದು ಕಾಯಬೇಡಿ. ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಸ್ಕೆಚ್ ಪೆನ್ ಸಮೇತ ಟೀ ಅಂಗಡಿ ಮುಂದೆ ಹರಡಿ. ಆಮೇಲೆ ಕೂತು ಅದನ್ನು ಆನ್‌ಲೈನ್‌ಗೆ ಏರಿಸಿ.