ಹಳೇ ಲ್ಯಾಬಿನ ಜಾವಾಗೆ ಜೀನಿ ಸಾಕು, ಆದ್ರೆ ಮೊದಲು ಬಿಲ್ಡ್ ಮೆನು ಸರಿಮಾಡಿಕೊಳ್ಳಿ

ಜಾವಾ ಈಗಷ್ಟೇ ಕಲಿಯುತ್ತಿರುವವರಿಗೆ ಯಾವ ಎಡಿಟರ್ ಹಾಕಿಕೊಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಜೀನಿ (Geany), ಕೋಡ್ ಬರೆಯುವ ಒಂದು ಹಗುರ ಸಾಫ್ಟ್‌ವೇರ್. ಬಿಸಿಎ ಹುಡುಗರ ಜಾವಾ ಲ್ಯಾಬ್ ನೋಡಿಕೊಳ್ಳುವವಳು ನಾನು. ನಮ್ಮ ಕಂಪ್ಯೂಟರ್‌ಗಳಲ್ಲಿ ಇರುವುದು 4 ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್. ದೊಡ್ಡ ಐಡಿಇ (ಕೋಡ್ ಬರೆಯುವುದು, ಓಡಿಸುವುದು, ತಪ್ಪು ಹುಡುಕುವುದು ಎಲ್ಲ ಒಂದರಲ್ಲೇ ಇರುವ ಸಾಫ್ಟ್‌ವೇರ್) ಒಂದನ್ನು ತೆರೆದು, ಪಕ್ಕದಲ್ಲಿ ಬ್ರೌಸರ್ ತೆರೆದರೆ ಮೌಸ್ ಕೂಡ ತಡವರಿಸುತ್ತೆ. ಜೀನಿ ಕ್ಲಿಕ್ ಮಾಡಿದ ಕೂಡಲೇ ತೆರೆದುಕೊಳ್ಳುತ್ತದೆ. ದುಡ್ಡು ಕೇಳಲ್ಲ, ಲಾಗಿನ್ ಕೇಳಲ್ಲ. 2005ರಿಂದ ಇರುವ ಸಾಫ್ಟ್‌ವೇರ್ ಇದು, 2.0 ಬಂದಿದ್ದು 2023ರ ಅಕ್ಟೋಬರ್‌ನಲ್ಲಿ.

ಹಗುರ ಅನ್ನೋದು ಒಂದು ಕಾರಣ ಅಷ್ಟೆ. ನನಗೆ ಇಷ್ಟವಾಗುವುದು ಬೇರೆ. ಇದರಲ್ಲಿ ಎಫ್8 ಒತ್ತಿದರೆ ಕಂಪೈಲ್ (ಬರೆದ ಕೋಡನ್ನು ಜಾವಾ ಓಡಿಸಬಲ್ಲ ಬೈಟ್‌ಕೋಡ್ ಆಗಿ ಬದಲಿಸುವುದು), ಎಫ್5 ಒತ್ತಿದರೆ ರನ್. ಎರಡೂ ಬೇರೆ ಬೇರೆ. ಐಡಿಇಯ ಹಸಿರು ಬಟನ್ ಒತ್ತಿಯೇ ಬೆಳೆದ ಹುಡುಗರಿಗೆ ಆ ಬೈಟ್‌ಕೋಡ್ ಇರುವ ಕ್ಲಾಸ್ ಫೈಲ್ ಅಂತ ಒಂದು ಹುಟ್ಟುತ್ತದೆ ಅನ್ನೋದೇ ಗೊತ್ತಿರುವುದಿಲ್ಲ. ವೈವಾದಲ್ಲಿ ಹೊರಗಿನ ಪರೀಕ್ಷಕರು ಬಂದು "ಬೈಟ್‌ಕೋಡ್ ಎಲ್ಲಿದೆ ತೋರಿಸಪ್ಪ" ಅಂದರೆ ಪಿಳಿಪಿಳಿ ಕಣ್ಣು ಬಿಡ್ತಾರೆ. ಜೀನಿಯಲ್ಲಿ ಫೋಲ್ಡರ್ ತೆರೆದು ನೋಡಿದರೆ ಆಯ್ತು, ಕಣ್ಣೆದುರೇ ಇರುತ್ತದೆ.

ಆದರೆ ಹಾಕಿದ ತಕ್ಷಣ ಎಲ್ಲ ಸಲೀಸಾಗಿ ನಡೆಯುತ್ತೆ ಅಂದುಕೊಳ್ಳಬೇಡಿ.

ಮೊದಲ ತಕರಾರು ಕಂಪೈಲರ್‌ನದ್ದು. ಎಫ್8 ಒತ್ತಿದರೆ ಜಾವಾಸಿ (javac, ಜಾವಾದ ಕಂಪೈಲರ್) ಸಿಗಲಿಲ್ಲ ಅಂತ ಬರುತ್ತೆ. ಬಹಳ ಸಲ ಕಾರಣ ಸುಲಭ: ಪ್ರೋಗ್ರಾಂ ಓಡಿಸಲಷ್ಟೇ ಆಗುವ ಜೆಆರ್‌ಇ ಮಾತ್ರ ಹಾಕಿರುತ್ತಾರೆ, ಕಂಪೈಲರ್ ಕೂಡ ಇರುವ ಜೆಡಿಕೆ ಇರುವುದಿಲ್ಲ. ಜೆಡಿಕೆ ಹಾಕಿದರೆ ಮುಗೀತು. ತಲೆ ತಿನ್ನುವುದು ಇನ್ನೊಂದು ಥರದ್ದು. ಟರ್ಮಿನಲ್‌ನಲ್ಲಿ ಜಾವಾಸಿ ಚೆನ್ನಾಗಿ ಓಡುತ್ತೆ, ಜೀನಿಯಲ್ಲಿ ಮಾತ್ರ ಓಡಲ್ಲ. ಜೆಡಿಕೆಯನ್ನು ಜಿಪ್ ಬಿಚ್ಚಿ ಎಲ್ಲೋ ಇಟ್ಟು, ಅದರ ಪಾತ್ (ಎಲ್ಲಿದೆ ಅನ್ನುವ ವಿಳಾಸ) ಅನ್ನು ಹೋಮ್‌ನಲ್ಲಿರುವ ಬ್ಯಾಶ್‌ಆರ್‌ಸಿ (.bashrc) ಫೈಲಿನಲ್ಲಿ ಬರೆದಿದ್ದರೆ ಹೀಗಾಗುತ್ತದೆ. ಆ ಫೈಲನ್ನು ಓದುವುದು ಟರ್ಮಿನಲ್. ಮೆನುವಿನಿಂದ ಜೀನಿ ತೆರೆದಾಗ ಅದನ್ನು ಯಾರೂ ಓದುವುದೇ ಇಲ್ಲ. ಪಾತ್ ಸಾಲನ್ನು ಪ್ರೊಫೈಲ್ (.profile) ಫೈಲಿಗೆ ಹಾಕಿ, ಲಾಗೌಟ್ ಆಗಿ ಮತ್ತೆ ಬನ್ನಿ, ಸರಿಹೋಗುತ್ತದೆ. ಅದೂ ಬೇಡ ಅಂದ್ರೆ ಬಿಲ್ಡ್ ಮೆನುವಿನ ಸೆಟ್ ಬಿಲ್ಡ್ ಕಮಾಂಡ್ಸ್‌ನಲ್ಲಿ ಜಾವಾಸಿಯ ಪೂರ್ತಿ ಪಾತ್ ಬರೆದುಬಿಡಿ.

ಈ ಸೆಟ್ ಬಿಲ್ಡ್ ಕಮಾಂಡ್ಸ್ ಕಿಟಕಿಯೇ ಜೀನಿಯ ಜೀವ. ಕಂಪೈಲ್ ಸಾಲಿನಲ್ಲಿ ಜಾವಾಸಿ ಮುಂದೆ ಪರ್ಸೆಂಟ್ ಹಾಕಿದ ಎಫ್ (%f) ಇರುತ್ತದೆ, ಅಂದರೆ ಈಗ ತೆರೆದಿರುವ ಫೈಲಿನ ಹೆಸರು. ಎಕ್ಸಿಕ್ಯೂಟ್ (ರನ್) ಸಾಲಿನಲ್ಲಿ ಪರ್ಸೆಂಟ್ ಇ (%e), ಅದೇ ಹೆಸರು, ಬಾಲದ ಎಕ್ಸ್‌ಟೆನ್ಷನ್ ಇಲ್ಲದೆ. ಅಷ್ಟು ಗೊತ್ತಾದರೆ ಲ್ಯಾಬಿನ ಅರ್ಧ "ಮೇಡಂ, ರನ್ ಆಗ್ತಿಲ್ಲ" ತಾನಾಗೇ ನಿಲ್ಲುತ್ತೆ. ಫೈಲಿನ ಹೆಸರು ಪ್ರೋಗ್ರಾಂ1, ಒಳಗಿರುವ ಕ್ಲಾಸ್ ಹೆಸರು ಶೇಪ್ ಅಂತಿಟ್ಟುಕೊಳ್ಳಿ. ಕ್ಲಾಸ್ ಪಬ್ಲಿಕ್ ಅಲ್ಲದಿದ್ದರೆ ಕಂಪೈಲ್ ಆಗುತ್ತದೆ, ಹುಟ್ಟುವುದು ಶೇಪ್‌ನ ಕ್ಲಾಸ್ ಫೈಲ್. ಜೀನಿ ಮಾತ್ರ ಪ್ರೋಗ್ರಾಂ1 ಅನ್ನೇ ಓಡಿಸಲು ಹೋಗುತ್ತದೆ. ಅದು ಸಿಗಲ್ಲ. ಇಲ್ಲಿ ತಪ್ಪು ಎಡಿಟರ್‌ದಲ್ಲ, ಹೆಸರಿನದು.

ಜಾವಾ 11ರಿಂದ ಸೋರ್ಸ್ ಫೈಲನ್ನೇ ನೇರವಾಗಿ ಜಾವಾಗೆ ಕೊಟ್ಟು ಓಡಿಸಬಹುದು. ಎಕ್ಸಿಕ್ಯೂಟ್ ಸಾಲಿನಲ್ಲಿ ಇ ಬದಲು ಎಫ್ ಹಾಕಿದರೆ ಈ ಹೆಸರಿನ ರಗಳೆಯೇ ಇಲ್ಲ. ಮನೆಯಲ್ಲಿ ಸುಮ್ನೆ ಏನಾದರೂ ಪರೀಕ್ಷೆ ಮಾಡುವಾಗ ನಾನೂ ಹಾಗೇ ಮಾಡುತ್ತೇನೆ. ಲ್ಯಾಬಿನಲ್ಲಿ ಬೇಡ. ಕ್ಲಾಸ್ ಫೈಲ್ ಕಾಣದೇ ಹೋಗುತ್ತದೆ, ಜೊತೆಗೆ ತಪ್ಪಿದ್ದ ಸಾಲಿನ ಮೇಲೆ ಕ್ಲಿಕ್ ಮಾಡಿ ಅಲ್ಲಿಗೆ ಹಾರುವ ಸೌಲಭ್ಯವೂ ಹೋಗುತ್ತದೆ. ಆ ಸೌಲಭ್ಯ ಎಫ್8ಗೆ ಇದೆ, ಎಫ್5ಗೆ ಇಲ್ಲ. ಏಳನೇ ಸಾಲಿನಲ್ಲಿ ಸೆಮಿಕೋಲನ್ ಬಿಟ್ಟಿದ್ದರೆ ಕೆಳಗಿನ ಕಂಪೈಲರ್ ಟ್ಯಾಬಿನಲ್ಲಿ ಕೆಂಪಕ್ಷರದಲ್ಲಿ ಬರುತ್ತೆ, ಒತ್ತಿದರೆ ಕರ್ಸರ್ ನೇರ ಅಲ್ಲಿಗೆ. ಕೋಡಿನ ಆ ಸಾಲಿನ ಕೆಳಗೂ ಕೆಂಪು ಗೆರೆ. ಕಲಿಯುವವರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು?

ಪ್ಯಾಕೇಜ್ (ಕ್ಲಾಸುಗಳನ್ನು ಫೋಲ್ಡರಿನಂತೆ ಗುಂಪು ಮಾಡುವುದು) ಪಾಠ ಬಂದಾಗ ಇನ್ನೊಂದು ಸುತ್ತು. ಫೈಲಿನ ತಲೆಯಲ್ಲಿ ಪ್ಯಾಕೇಜ್ ಲ್ಯಾಬ್ ಅಂತ ಬರೆದ ಕೂಡಲೇ ಎಫ್5 ಕೈಕೊಡುತ್ತದೆ. ಪ್ಯಾಕೇಜ್ ಹೆಸರು ಸೇರಿಸಿ, ಮೇಲಿನ ಫೋಲ್ಡರಿನಿಂದ ಓಡಿಸಬೇಕು ಅನ್ನೋದು ಜೀನಿಗೆ ತಿಳಿಯುವುದಿಲ್ಲ. ನಾನು ಮಾಡುವುದು ಹೀಗೆ: ಪ್ರಾಜೆಕ್ಟ್ ಮೆನುವಿನಲ್ಲಿ ಹೊಸ ಪ್ರಾಜೆಕ್ಟ್, ಅದರೊಳಗೆ ಸೋರ್ಸ್‌ಗೆ ಒಂದು, ಬಿನ್‌ಗೆ ಒಂದು ಫೋಲ್ಡರ್. ಕಂಪೈಲ್ ಸಾಲಿನಲ್ಲಿ ಡಿ (-d) ಆಪ್ಷನ್ ಕೊಟ್ಟು ಕ್ಲಾಸ್ ಫೈಲುಗಳನ್ನು ಬಿನ್‌ಗೆ ಕಳಿಸುವುದು. ಎಕ್ಸಿಕ್ಯೂಟ್ ಸಾಲಿನಲ್ಲಿ ಕ್ಲಾಸ್‌ಪಾತ್ (ಕ್ಲಾಸ್ ಫೈಲು ಹುಡುಕುವ ಜಾಗ) ಬಿನ್ ಅಂತ ಹೇಳಿ, ಪರ್ಸೆಂಟ್ ಇ ಮುಂಚೆ ಪ್ಯಾಕೇಜ್ ಹೆಸರು, ಒಂದು ಚುಕ್ಕಿ. ಪ್ರಾಜೆಕ್ಟ್ ಫೋಲ್ಡರ್ ಎಲ್ಲಿದೆ ಅನ್ನೋದಕ್ಕೆ ಪರ್ಸೆಂಟ್ ಪಿ ಇದೆ. ಒಂದು ಎಚ್ಚರಿಕೆ: ಪ್ರಾಜೆಕ್ಟ್ ತೆರೆದಿರುವಾಗ ಬದಲಿಸಿದ ಕಮಾಂಡುಗಳು ಆ ಪ್ರಾಜೆಕ್ಟ್ ಫೈಲಿನಲ್ಲೇ ಉಳಿಯುತ್ತವೆ. ಪ್ರಾಜೆಕ್ಟ್ ಮುಚ್ಚಿದರೆ ಮತ್ತೆ ಹಳೇದೇ. "ನಿನ್ನೆ ಸರಿ ಮಾಡಿದ್ನಲ್ಲಾ ಮೇಡಂ" ಅನ್ನುವವರು ಇದನ್ನು ಮೊದಲು ನೋಡಬೇಕು.

ಜಾವಾದ ಸ್ಕ್ಯಾನರ್ ಕ್ಲಾಸ್ ಬಳಸಿ ಇನ್‌ಪುಟ್ ತೆಗೆದುಕೊಳ್ಳುವ ಪ್ರೋಗ್ರಾಂಗೆ ಪ್ರತಿ ಸಲ ಬೇರೆ ಟರ್ಮಿನಲ್ ಕಿಟಕಿ ತೆರೆಯುವುದು ಕಿರಿಕಿರಿ. ಪ್ರಿಫರೆನ್ಸಸ್‌ನ ಟರ್ಮಿನಲ್ ಟ್ಯಾಬಿನಲ್ಲಿ ವಿಟಿಇ (ಜೀನಿಯ ಒಳಗಿನ ಟರ್ಮಿನಲ್) ಒಳಗೇ ಓಡಿಸು ಅನ್ನುವ ಟಿಕ್ ಹಾಕಿ. ಕೆಳಗಿನ ಪಟ್ಟಿಯಲ್ಲೇ ಟೈಪ್ ಮಾಡಬಹುದು. ವಿಂಡೋಸ್‌ನಲ್ಲಿ ಈ ಒಳಗಿನ ಟರ್ಮಿನಲ್ ಇಲ್ಲ, ಅಲ್ಲಿ ಕಪ್ಪು ಕಿಟಕಿಯೇ ಗತಿ.

ಕನ್ನಡದ ಬಗ್ಗೆ ಒಂದು ಮಾತು. ಕೋಡಿನ ಸ್ಟ್ರಿಂಗ್ ಒಳಗೆ ಕನ್ನಡ ಬರೆದರೆ ಎಡಿಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಕೆಳಗಿನ ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆದು ಬರುತ್ತೆ. ಅದು ಟರ್ಮಿನಲ್‌ನ ಮಿತಿ, ಜಾವಾದ್ದಲ್ಲ. ಆದರೆ ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆ ಬಂದರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಕಂಪ್ಯೂಟರ್ ಉಳಿಸುವ, ಓದುವ ರೀತಿ) ನೋಡಿ. ಜಾವಾ 18ರಿಂದ ಯುಟಿಎಫ್-8 ಡೀಫಾಲ್ಟ್. ಅದಕ್ಕಿಂತ ಹಳೇದು ವಿಂಡೋಸ್‌ನಲ್ಲಿದ್ದರೆ ಕಂಪೈಲ್ ಸಾಲಿಗೆ ಎನ್‌ಕೋಡಿಂಗ್ ಆಪ್ಷನ್ ಸೇರಿಸಲೇಬೇಕು.

ಇನ್ನು ಶೃಂಗಾರ. ಬಣ್ಣ ಬದಲಿಸೋದು ವ್ಯೂ ಮೆನುವಿನಲ್ಲಿ, ಹುಡುಗರು ತಾವೇ ಹುಡುಕಿಕೊಂಡು ಡಾರ್ಕ್ ಮಾಡಿಕೊಳ್ಳುತ್ತಾರೆ. ನಾನು ಹೇಳಿಕೊಡುವುದು ಸ್ನಿಪೆಟ್ಸ್, ಅಂದರೆ ಚಿಕ್ಕ ಪದ ಬರೆದರೆ ಪೂರ್ತಿ ಸಾಲು ಬರುವ ಸೌಲಭ್ಯ. ಟೂಲ್ಸ್ ಮೆನುವಿನ ಕಾನ್ಫಿಗರೇಷನ್ ಫೈಲ್ಸ್‌ನಲ್ಲಿ ಸ್ನಿಪೆಟ್ಸ್ ಫೈಲ್ ಇದೆ. ಅದರಲ್ಲಿ ಜಾವಾ ಅಂತ ಚೌಕ ಬ್ರಾಕೆಟ್ಟಿನ ವಿಭಾಗ ಹುಡುಕಿ, ಅದರ ಕೆಳಗೆ ಎಸ್‌ಒಪಿ ಅನ್ನೋದಕ್ಕೆ ಪೂರ್ತಿ ಪ್ರಿಂಟ್‌ಲೈನ್ ಸಾಲು ಬರೆದಿಡಿ. ಕರ್ಸರ್ ಎಲ್ಲಿ ನಿಲ್ಲಬೇಕು ಅನ್ನೋದನ್ನೂ ಗುರುತು ಮಾಡಬಹುದು. ಮೂರಕ್ಷರ, ಒಂದು ಟ್ಯಾಬ್, ಸಾಲು ರೆಡಿ. ಮೊದಲ ತಿಂಗಳು ಮಾತ್ರ ಇದನ್ನು ಹೇಳಿಕೊಡಲ್ಲ. ಸಿಸ್ಟಮ್ ಡಾಟ್ ಔಟ್ ಅನ್ನು ಕೈಯಲ್ಲಿ ಬರೆದು ಬರೆದು ರೂಢಿಯಾಗಬೇಕು, ಇಲ್ಲಾಂದ್ರೆ ಪರೀಕ್ಷೆಯ ಪೇಪರಿನಲ್ಲಿ ಸಿಸ್ಟಮ್‌ನ ಎಸ್ ಚಿಕ್ಕದಾಗುತ್ತೆ.

ಇಲ್ಲದ್ದು ಏನು? ಇಂಪೋರ್ಟ್ ಸಾಲು ತಾನಾಗಿ ಬರುವುದಿಲ್ಲ. ಅರೇಲಿಸ್ಟ್ ಮುಂದೆ ಚುಕ್ಕಿ ಇಟ್ಟು ಕೂತರೆ ಅದರ ಮೆಥಡ್‌ಗಳ ಪಟ್ಟಿ ಐಡಿಇ ಥರ ನಂಬುವಂತೆ ಸಿಗಲ್ಲ. ಜಾವಾಗೆ ಡೀಬಗರ್ (ಕೋಡನ್ನು ಸಾಲು ಸಾಲಾಗಿ ನಿಲ್ಲಿಸಿ ತಪ್ಪು ಹುಡುಕುವ ಸಾಧನ) ಇಲ್ಲ, ಪ್ರಿಂಟ್ ಹಾಕಿಯೇ ಹುಡುಕಬೇಕು. ಕ್ಲಾಸ್ ಹೆಸರು ಬದಲಿಸಿದರೆ ಎಲ್ಲ ಫೈಲುಗಳಲ್ಲೂ ನೀವೇ ಬದಲಿಸಬೇಕು. ಮೇವನ್, ಸ್ಪ್ರಿಂಗ್ ಥರದ ದೊಡ್ಡ ಪ್ರಾಜೆಕ್ಟಿನ ಸಾಧನಗಳ ಕಡೆ ಹೊರಟವರು ಇದನ್ನು ಹಿಡಿದುಕೊಂಡು ಒದ್ದಾಡಬೇಡಿ, ಐಡಿಇಗೆ ಹೋಗಿ. ನಮ್ಮ ಕೊನೇ ವರ್ಷದ ಪ್ರಾಜೆಕ್ಟ್ ಹುಡುಗರನ್ನು ನಾನೇ ಕಳಿಸಿಕೊಡುತ್ತೇನೆ.

ಲ್ಯಾಬ್ ನೋಡಿಕೊಳ್ಳುವವರಿಗೆ ಒಂದು ಅನುಕೂಲ: ಪ್ರಾಜೆಕ್ಟ್ ತೆರೆಯದೆ ಮಾಡಿದ ಜಾವಾ ಕಮಾಂಡುಗಳು, ಸ್ನಿಪೆಟ್ಸ್, ಎಲ್ಲ ಹೋಮ್‌ನ ಕಾನ್ಫಿಗ್ ಒಳಗಿನ ಜೀನಿ ಫೋಲ್ಡರಿನಲ್ಲೇ ಇರುತ್ತವೆ. ಒಂದು ಕಂಪ್ಯೂಟರಿನಲ್ಲಿ ಸರಿಮಾಡಿ, ಪೆನ್‌ಡ್ರೈವಿಗೆ ಹಾಕಿಕೊಂಡು ಉಳಿದವಕ್ಕೆ ಕಾಪಿ ಮಾಡಿದರೆ ಆಯ್ತು. ಕಾನ್ಫಿಗ್ ಅನ್ನೋದು ಚುಕ್ಕಿಯಿಂದ ಶುರುವಾಗುವ, ಅಡಗಿರುವ ಫೋಲ್ಡರ್ (.config), ಕಾಣಬೇಕಾದರೆ ಕಂಟ್ರೋಲ್ ಎಚ್ ಒತ್ತಿ.