ಮುರಿದ ಬೆರಳು ಮತ್ತೆ ಮಡಚುವವರೆಗೆ: ಕಾಸರಗೋಡಿನ ಒಂದು ಫಿಸಿಯೋಥೆರಪಿ ಕೇಂದ್ರ

ಕಳೆದ ಆಟಿ ತಿಂಗಳಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ತೋಟಕ್ಕಿಳಿಯುವ ಮುರಕಲ್ಲಿನ ಮೆಟ್ಟಿಲ ಮೇಲೆ ಕಾಲು ಜಾರಿ, ನೆಲಕ್ಕೆ ಊರಿದ ಬಲಗೈಯ ಉಂಗುರ ಬೆರಳಿನ ಬುಡದ ಎಲುಬು ಮುರಿಯಿತು. ಆ ಕೈಯನ್ನು ಮತ್ತೆ ಕೆಲಸಕ್ಕೆ ಒದಗುವಂತೆ ಮಾಡಿದ ಕಾಸರಗೋಡು ಪೇಟೆಯ ಫಿಸಿಯೋಥೆರಪಿ ಕೇಂದ್ರದ ಬಗ್ಗೆ ವಿವರವಾಗಿ ಬರೆಯುತ್ತಿದ್ದೇನೆ. ಏಕೆಂದರೆ ಕೈ ಮುರಿದರೆ ಪ್ಲಾಸ್ಟರ್ ಹಾಕಿಸಿ ಆರು ವಾರ ಸುಮ್ಮನಿರಬೇಕು ಎಂಬ ತಿಳಿವಳಿಕೆಯೇ ನಮ್ಮ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಗಳಲ್ಲಿ ಈಗಲೂ ಅನೇಕರಲ್ಲಿದೆ, ನನ್ನಲ್ಲಿಯೂ ಇತ್ತು.

ಮೊದಲು ತೋರಿಸಿದ ಚಿಕಿತ್ಸಾಲಯದಲ್ಲಿ ಎಕ್ಸ್‌ರೇ ನೋಡಿ, ಸಣ್ಣ ಮುರಿತವೆಂದು ಹೇಳಿ, ನಾಲ್ಕೂ ಬೆರಳುಗಳನ್ನು ನೇರವಾಗಿ ಚಾಚಿಸಿ ತುದಿಯವರೆಗೆ ಪ್ಲಾಸ್ಟರ್ ಸುತ್ತಿ ಕಳುಹಿಸಿದರು. ನೋವು ಇಳಿಯದೆ ಐದನೆಯ ದಿನ ಮಂಗಳೂರಿಗೆ ಹೋದೆ. ಅಲ್ಲಿನ ಶಸ್ತ್ರಚಿಕಿತ್ಸಕರು ಪ್ಲಾಸ್ಟರ್ ಬಿಚ್ಚಿಸಿ ಮೆಲ್ಲನೆ ಮುಷ್ಟಿ ಕಟ್ಟಲು ಹೇಳಿದಾಗ ಉಂಗುರ ಬೆರಳು ಕಿರುಬೆರಳಿನ ಮೇಲೆ ಏರಿ ನಿಂತಿತು. ಮುಷ್ಟಿ ಕಟ್ಟುವಾಗ ಬೆರಳ ತುದಿಗಳೆಲ್ಲ ಹೆಬ್ಬೆರಳಿನ ಬುಡದತ್ತ ವಾಲಬೇಕು. ಮುರಿದ ಎಲುಬು ಸ್ವಲ್ಪವೇ ತಿರುಚಿಕೊಂಡು ಕೂಡಿದರೂ ಬೆರಳುಗಳು ಒಂದರ ಮೇಲೊಂದು ಹತ್ತುತ್ತವೆ, ಆದರೆ ಈ ತಿರುಚು ಎಕ್ಸ್‌ರೇಯಲ್ಲಿ ಸುಲಭವಾಗಿ ಕಾಣಿಸುವುದಿಲ್ಲ. ಕೈಯನ್ನು ನೋಡಿಯೇ ತಿಳಿಯಬೇಕಾದ ಈ ವಿಷಯವನ್ನು ಮೊದಲ ದಿನವೇ ಯಾರಾದರೂ ನೋಡಿದ್ದರೆ ಎಂದು ಈಗಲೂ ಬೇಸರವಾಗುತ್ತದೆ. ತೋಳನ್ನಷ್ಟೇ ಮರಗಟ್ಟಿಸಿ, ಎಲುಬನ್ನು ಸರಿಪಡಿಸಿ, ಎರಡು ತೆಳು ತಂತಿಗಳಿಂದ ಅದನ್ನು ನಿಲ್ಲಿಸಿದರು.

ಆ ವೈದ್ಯರ ಚೀಟಿ ಹಿಡಿದು ಕಾಸರಗೋಡಿನ ಈ ಕೇಂದ್ರಕ್ಕೆ ಬಂದದ್ದು ಶಸ್ತ್ರಚಿಕಿತ್ಸೆಯ ಮರುವಾರ, ಅಂದರೆ ತಂತಿಗಳು ಇನ್ನೂ ಕೈಯಲ್ಲಿರುವಾಗಲೇ. ಮೊದಲು ಮಾಡಿದ ಕೆಲಸವೆಂದರೆ ಸ್ಪ್ಲಿಂಟ್, ಅಂದರೆ ಕೈಯನ್ನು ಒಂದೇ ಭಂಗಿಯಲ್ಲಿ ಹಿಡಿದಿಡುವ ಆಸರೆಪಟ್ಟಿ. ಗಟ್ಟಿಯಾದ ಪ್ಲಾಸ್ಟಿಕ್ ಹಾಳೆಯೊಂದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ನನ್ನ ಕೈಯ ಮೇಲೆಯೇ ಒತ್ತಿ ಅಚ್ಚು ತೆಗೆದರು. ಮಣಿಕಟ್ಟು ತುಸು ಹಿಂದಕ್ಕೆ, ಬೆರಳಿನ ಬುಡದ ಗಂಟುಗಳು ಸುಮಾರು 70 ಡಿಗ್ರಿ ಮುಂದಕ್ಕೆ ಬಾಗಿ, ಅದರಾಚೆ ಬೆರಳುಗಳು ನೇರವಾಗಿರುವ ಭಂಗಿ ಅದು. ಬುಡದ ಗಂಟಿನ ಎರಡೂ ಬದಿಯ ರಜ್ಜುಗಳು ಬೆರಳು ನೇರವಾಗಿದ್ದಾಗ ಸಡಿಲವಾಗಿದ್ದು, ಹಾಗೆಯೇ ವಾರಗಟ್ಟಲೆ ಬಿಟ್ಟರೆ ಅಷ್ಟಕ್ಕೇ ಕುಗ್ಗಿಬಿಡುತ್ತವೆ, ಮತ್ತೆ ಮುಷ್ಟಿ ಕಟ್ಟಲು ಬಿಡುವುದಿಲ್ಲ ಎಂದು ಅಲ್ಲಿನ ತರುಣಿ ತನ್ನ ಕೈಯನ್ನೇ ಮಡಚಿ ತೋರಿಸಿ ವಿವರಿಸಿದಾಗ, ನನಗೆ ಮೊದಲು ಹಾಕಿದ್ದ ಪ್ಲಾಸ್ಟರಿನ ತಪ್ಪು ಅರ್ಥವಾಯಿತು. ಮಲಯಾಳದಲ್ಲಿ ಮಾತು ಆರಂಭಿಸಿದ್ದ ಅವರು ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದರು. ಅರ್ಥವಾಗದೆ ಮಾಡಿದ ವ್ಯಾಯಾಮ ತಪ್ಪಾಗಿಯೇ ಆಗುತ್ತದೆಯಾದ್ದರಿಂದ ಇದು ನನಗೆ ದೊಡ್ಡ ಉಪಕಾರವೇ ಆಯಿತು.

ನಾಲ್ಕನೆಯ ವಾರ ಮಂಗಳೂರಿನಲ್ಲಿ ತಂತಿ ತೆಗೆಸಿ ಕೇಂದ್ರಕ್ಕೆ ಬಂದಾಗ ಬೆರಳಿನ ನಡುಗಂಟು 40 ಡಿಗ್ರಿಯಷ್ಟೇ ಬಾಗುತ್ತಿತ್ತು. "ಮಾಷ್ಟ್ರೇ, ಇನ್ನು ಎರಡು ಗಂಟೆಗೊಮ್ಮೆ ಮಡಚಲೇಬೇಕು, ಆದರೆ ಇನ್ನೊಂದು ಕೈಯಿಂದ ಬಲವಂತವಾಗಿ ಒತ್ತಬಾರದು" ಎಂದರು. ಈ ಎಲುಬಿನ ಸುತ್ತ ಸ್ನಾಯುರಜ್ಜುಗಳು ತೀರ ಒತ್ತಾಗಿ ಹಾದುಹೋಗುವುದರಿಂದ ಮುರಿತ ಕೂಡುವಾಗ ಅವೂ ಅಂಟಿಕೊಳ್ಳುತ್ತವೆಯಂತೆ. ಅವುಗಳನ್ನು ಜಾರುವಂತೆ ಮಾಡಲು ಬೆರಳುಗಳನ್ನು ನೇರವಾಗಿ, ಕೊಕ್ಕೆಯಂತೆ, ಪೂರ್ಣ ಮುಷ್ಟಿಯಾಗಿ, ಹೀಗೆ ಒಂದೊಂದು ಆಕಾರಕ್ಕೆ ತರುವ ವ್ಯಾಯಾಮ ಕಲಿಸಿದರು. ಮುರಿದ ಎಲುಬನ್ನು ಎಡಗೈಯಿಂದ ಹಿಡಿದು ನಡುಗಂಟನ್ನು ಮಾತ್ರ ಬಾಗಿಸುವುದು ಎಲ್ಲಕ್ಕಿಂತ ಕಠಿಣವಾಗಿತ್ತು, ಫಲವೂ ಅದರಿಂದಲೇ ಹೆಚ್ಚು. ಮರುದಿನ ಬೆಳಗ್ಗೆ ಊತ ಏರಿದ್ದರೆ ಹಿಂದಿನ ದಿನ ಅತಿಯಾಯಿತೆಂದು ತಿಳಿಯಬೇಕೆಂಬ ಅವರ ಮಾತನ್ನು ಮರೆತು ಒಮ್ಮೆ ಎರಡು ದಿನ ಕಳೆದುಕೊಂಡೆ. ವ್ಯಾಯಾಮಕ್ಕೆ ಮೊದಲು ಕೊಡುತ್ತಿದ್ದ ಬಿಸಿ ಮೇಣದ ಶಾಖ ಹಿತವಾಗಿತ್ತು. ಪ್ರತಿ ಸೋಮವಾರ ಕೋನಮಾಪಕವಿಟ್ಟು ಅಳೆದು ಬರೆದಿಡುತ್ತಿದ್ದರು. ಹನ್ನೆರಡನೆಯ ವಾರಕ್ಕೆ ಅಳತೆ 85 ಆಯಿತು.

ಸಲಕ್ಕೆ 300 ರೂಪಾಯಿ ನನಗೆ ಹೆಚ್ಚೆನಿಸಲಿಲ್ಲ. ಕೊರತೆಗಳೂ ಇವೆ. ಹೇಳಿದ ಹೊತ್ತಿಗೆ ಕರೆಯುವುದು ಅಪರೂಪ, ಒಮ್ಮೆ ಒಂದೂಕಾಲು ಗಂಟೆ ಕಾದು ಪೆರ್ಲದ ಬಸ್ಸು ತಪ್ಪಿತು. ಕೇಂದ್ರವಿರುವುದು ಮೊದಲ ಮಾಳಿಗೆಯಲ್ಲಿ, ಮೆಟ್ಟಿಲಿಗೆ ಹಿಡಿಕೆ ಒಂದೇ ಬದಿಗೆ. ಅದು ಏರುವಾಗ ಬಲಕ್ಕೆ ಬರುವುದರಿಂದ ಬಲಗೈಗೆ ಪೆಟ್ಟಾದವರಿಗೆ ಆಸರೆಯೇ ಇಲ್ಲ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮದ ಹಾಳೆ ಮಲಯಾಳದಲ್ಲಿ ಮಾತ್ರ ಇತ್ತು. ಬಾಯಲ್ಲಿ ಎಷ್ಟೇ ಚೆನ್ನಾಗಿ ವಿವರಿಸಿದರೂ ಮನೆಗೆ ಬಂದ ಮೇಲೆ ಎಷ್ಟು ಸಲ, ಯಾವ ಕ್ರಮದಲ್ಲಿ ಎಂಬುದು ಮರೆಯುತ್ತದೆ.

ಎಲುಬು ಕಟ್ಟುವ ನಾಟಿ ವೈದ್ಯರಲ್ಲಿಗೆ ಹೋಗೆಂದು ನೆಂಟರು ಒತ್ತಾಯಿಸಿದ್ದರು. ಅವರ ಬಗ್ಗೆ ನನಗೆ ಅಗೌರವವಿಲ್ಲ, ಆದರೆ ಊದಿದ ಕೈಗೆ ಬಿಗಿಯಾಗಿ ಕಟ್ಟಿದ ಪಟ್ಟಿ ರಕ್ತ ಸಂಚಾರವನ್ನೇ ತಡೆದು ಬೆರಳು ಕಳೆಯುವ ಅಪಾಯವಿದೆ. ಹಾಗೆ ಕಟ್ಟಿಸಿಕೊಂಡವರ ಬೆರಳು ಮರಗಟ್ಟಿ ಬಿಳಿಚಿದ್ದರೆ, ಅಥವಾ ನೋವು ಏರುತ್ತಲೇ ಹೋದರೆ, ಪಟ್ಟಿ ಬಿಚ್ಚಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಈ ವರ್ಷ ಮೆಟ್ಟುಕತ್ತಿಯಲ್ಲಿ ಕುಳಿತು ಅಡಿಕೆ ಸುಲಿದೆ, ಹಿಂದಿನಷ್ಟು ವೇಗವಿಲ್ಲದಿದ್ದರೂ ಕಾಯಿ ಕೈಜಾರುವುದಿಲ್ಲ. ವ್ಯಾಯಾಮದ ಹಾಳೆಯನ್ನು ಅವರ ಅನುಮತಿಯಿಂದ ಕನ್ನಡದಲ್ಲಿ ಬರೆದು, ಅವರಿಂದಲೇ ತಿದ್ದಿಸಿ, ಐವತ್ತು ಪ್ರತಿ ಕೊಟ್ಟು ಬಂದಿದ್ದೇನೆ. ಕೌಂಟರಿನಲ್ಲಿ ಕೇಳಿದರೆ ಕೊಡುತ್ತಾರೆ.